ಖಾಲಿ ಪ್ಲಾಟ್‌ಫಾರ್ಮಿನ ತೂಕ

ಬಾಯಲ್ಲಿ ಟೂತ್‌ಬ್ರಶ್ ಇರುವಾಗ ಫೋನಿನಲ್ಲಿ ಯಾರಿಗೂ ಸಲಹೆ ಕೊಡಬಾರದು ಎಂಬುದು ಮಾಲತೇಶನಿಗೆ ಆ ದಿನ ಬೆಳಿಗ್ಗೆಯವರೆಗೂ ತಿಳಿದಿರಲಿಲ್ಲ.

ಫೋನು ಮಾಡಿದವರು ಕಂಪ್ಲಿಯ ಅಕ್ಕಿ ಮಿಲ್ಲಿನ ಕೊಟ್ರಯ್ಯ ಸಾಹುಕಾರರು. ಮೂವತ್ತು ವರ್ಷ ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು.

"ತಮ್ಮಾ, ಕಾಟಾಕ್ಕ ಹುಚ್ಚು ಹಿಡಿದೈತಿ! ಮ್ಯಾಲೆ ಲಾರಿ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಒಂದು ನಾಯಿ ಸೈತ ಇಲ್ಲ. ಇನ್ನೂರಾ ಐವತ್ತೈದು ಕೇಜಿ ಅಂತ ತೋರ್ಸಾಕತ್ತೈತಿ."

"ಪ್ಲಾಟ್‌ಫಾರ್ಮ್ ಬದ್ಲಾಗೈತಲ್ರಿ ಸಾವ್ಕಾರ್ರೆ, ಅದರದ ತೊಂದ್ರಿ," ಎಂದ ಮಾಲತೇಶ, ನೊರೆಯ ನಡುವಿನಿಂದ. "ಬಂದು ಬಿಚ್ಚಿ ನೋಡ್ತೀನ್ರಿ."

"ಪ್ಲಾಟ್‌ಫಾರ್ಮಾ? ಬಿಚ್ಚಬೇಕಾ?"

"ಹ್ಞೂಂ ರಿ. ಒಳಗ ನೋಡದ ಗೊತ್ತಾಗಂಗಿಲ್ಲ."

ಆ ಕಡೆ ಸಾಹುಕಾರರು ಹಮಾಲರನ್ನು ಕೂಗಿ ಕರೆದದ್ದು ಕೇಳಿಸಿತು. ಆಮೇಲೆ, "ಆತು. ನೀ ಬರೂದ್ರೊಳಗ ರೆಡಿ ಮಾಡ್ಸಿ ಇಟ್ಟಿರ್ತೀನಿ."

ರೆಡಿ ಅಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮೇಲೊಂದು ಚಹಾ ಇರಬೇಕು ಎಂದುಕೊಂಡ ಮಾಲತೇಶ ಬಾಯಿ ಮುಕ್ಕಳಿಸಿದ.

ಹೊಸಪೇಟೆಯ ಆ ಓಣಿಯಲ್ಲಿ ಮಾಲತೇಶ 'ಲೈಬ್ರರಿ ಮಾಡುವವನು' ಎಂದು ಹೆಸರಾಗಿದ್ದ. ಎದುರು ಮನೆಯ ಉಚ್ಚೆಂಗಮ್ಮ ಎರಡು ಸಲ ವಾರಪತ್ರಿಕೆ ಕೇಳಿಕೊಂಡು ಬಂದು, ಮನೆಯಲ್ಲಿ ಒಂದು ಪುಸ್ತಕವೂ ಕಾಣದೆ, ಇವನು ಎಲ್ಲವನ್ನೂ ರದ್ದಿಗೆ ಹಾಕಿದ್ದಾನೆ ಎಂದು ಊರೆಲ್ಲ ಹೇಳಿದ್ದಳು. ಅವನ ಲೈಬ್ರರಿ ಪುಸ್ತಕದ್ದಲ್ಲ. ಅದು ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ. ತೂಕದ ಮೀಟರು ತಂತಿಯಲ್ಲಿ ಕಳಿಸುವುದನ್ನು ಓದಿ ಕಂಪ್ಯೂಟರಿಗೆ ಅರ್ಥವಾಗುವಂತೆ ಹೇಳುವುದು ಅದರ ಕೆಲಸ. ಆ ಕೆಲಸವನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯದಿರಲಿ ಎಂದು ಒಬ್ಬನೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಹೆಸರು 'ತಕ್ಕಡಿ'. ಬೇಕಾದವರು ಪುಕ್ಕಟೆ ತೆಗೆದುಕೊಳ್ಳಬಹುದು.

ಬೇಕಾದವರು ಇದ್ದರು, ಅದೇ ಆಶ್ಚರ್ಯ. ಹೆಸರು ಕೇಳಿರದ ಯಾವುದೋ ದ್ವೀಪದ ಮೀನಿನ ಮಂಡಿಯಿಂದ ಒಮ್ಮೆ ಪತ್ರ ಬಂದಿತ್ತು; ನಿಮ್ಮ ತಕ್ಕಡಿಯಲ್ಲಿ ದಿನಾ ಮೀನು ತೂಗುತ್ತೇವೆ, ಉಪ್ಪುಗಾಳಿಗೆ ಕಂಪ್ಯೂಟರು ಕೆಟ್ಟಿತು, ಬೇರೆ ಜಾತಿಯದನ್ನು ಇಟ್ಟಿದ್ದೇವೆ, ಅದರಲ್ಲೂ ಓಡುವಂತೆ ಮಾಡಿಕೊಡಿ ಎಂದು. ಮಾಲತೇಶ ಮಾಡಿಕೊಟ್ಟಿದ್ದ. ಆಮೇಲೆ ಒಂದು ವಾರ ಅವನಿಗೆ ಊಟದ ತಟ್ಟೆಯ ಮುಂದೆಯೂ ಅದೇ ಗುಂಗು. ತಾನು ಕಾಣದ ಸಮುದ್ರ, ತಾನು ತಿನ್ನದ ಮೀನು, ತೂಗುವುದು ಮಾತ್ರ ತನ್ನ ಸಾಲುಗಳು.

"ಆ ಮೀನಿನವರು ಸಂಬಳ ಕೊಡ್ತಾರೇನ್ರಿ?" ಎಂದು ತುಳಸಿ ಕೇಳಿದ್ದಳು. ಅವಳು ಗಂಡನ ಮೇಲೆ ಕೋಪ ಮಾಡಿಕೊಳ್ಳುವವಳಲ್ಲ. ಆದರೆ ಮನೆ ನಡೆಯುತ್ತಿದ್ದದ್ದು ಅವಳ ಟೈಲರಿಂಗ್ ಕ್ಲಾಸಿನಿಂದ, ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಕುಳಿತು ಅವಳ ಬೆನ್ನು ಬಿಲ್ಲಾಗಿತ್ತು.

ಆ ದಿನ ಸಂಜೆ ಎಲ್ಲಾ ತೀರ್ಮಾನವಾಗುವುದಿತ್ತು. ಕಂಪ್ಲಿಯ ಅಕ್ಕಿ ಮಿಲ್ಲಿನವರೆಲ್ಲ ಸೇರಿ, ಲಾರಿ ತೂಗುವ ತಮ್ಮ ಕಾಟಾಗಳ ಕಂಪ್ಯೂಟರು ನೋಡಿಕೊಳ್ಳಲು ಒಬ್ಬನನ್ನು ಕಾಯಂ ಇಟ್ಟುಕೊಳ್ಳಬೇಕೆಂದಿದ್ದರು. ಯಾರನ್ನು ಎಂಬುದು ಕೊಟ್ರಯ್ಯನವರ ಮಾತಿಗೆ ಬಿಟ್ಟದ್ದು. ಆ ಕೆಲಸ ಸಿಕ್ಕರೆ ಹೊಸಪೇಟೆಯಲ್ಲೇ ಇರುವುದು. ಸಿಗದಿದ್ದರೆ ಚೋರನೂರಿನಲ್ಲಿ ತುಳಸಿಯ ಅಣ್ಣ ಹುಲುಗಪ್ಪನ ಕೋಳಿ ಫಾರಂ; ಕ್ಲಾಸು ಮುಚ್ಚಿ ಗಂಡಹೆಂಡತಿ ಇಬ್ಬರೂ ಅಲ್ಲಿಗೆ.

ಹುಲುಗಪ್ಪ ಬೆಳಿಗ್ಗೆಯೇ ಪಿಕಪ್ ವ್ಯಾನಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಕಂಪ್ಲಿಗೆ ಕೋಳಿ ಇಳಿಸುವುದಿತ್ತು.

"ಇಷ್ಟ್ ವರ್ಷ ಪ್ಲಾಟ್‌ಫಾರ್ಮು, ಪ್ಲಾಟ್‌ಫಾರ್ಮು ಅಂತ ಬಡ್ಕಂಡಿ ಮಾಲತೇಶಪ್ಪ," ಎಂದ. "ಇನ್ನ ಪ್ಲಾಟ್ ಬಿಡು, ಫಾರ್ಮ್ ಹಿಡಿ."

"ಸಂಜೀತನಕ ಟೈಮ್ ಕೊಡು ಹುಲುಗಪ್ಪಣ್ಣ."

"ಕೊಟ್ಟೆ. ಕೋಳಿ ಎಲ್ಲಿ ಹೋಗ್ತಾವ? ಹತ್ತು ಜಲ್ದಿ."

ತುಳಸಿ ಹೊಸ್ತಿಲವರೆಗೆ ಬಂದಳು. "ಈ ಸಲಾನೂ ಪುಗಸಟ್ಟೆ ಮಾಡಿ ಬರಬ್ಯಾಡ್ರಿ. ನೌಕ್ರಿ ಮಾತಾಡ್ಕಂಡು ಬರ್ರಿ," ಎಂದು ಅಂಗಿಯ ಕಾಲರು ಸರಿಪಡಿಸಿದಳು.

ಕಮಲಾಪುರ ದಾಟಿ, ಬಾಳೆತೋಟ ದಾಟಿ, ಬಂಡೆಗಳು ಬಂಡೆಗಳ ಮೇಲೆ ಬೀಳದೆ ಕುಳಿತ ಗುಡ್ಡಗಳ ಪಕ್ಕದಲ್ಲಿ ವ್ಯಾನು ಹೊರಟಿತು. ಹಿಂದೆ ಕೋಳಿಗಳು ಒಂದೇ ಸಮ ತಕರಾರು ಮಾಡುತ್ತಿದ್ದವು. ಮುಂದೆ ಹುಲುಗಪ್ಪ ಅವುಗಳಿಗೆ ಯಾವಾಗ ಕಾಳು, ಯಾವಾಗ ನೀರು ಎಂದು ಭಾವೀ ನೌಕರನಿಗೆ ಪಾಠ ಹೇಳುತ್ತಿದ್ದ.

ಮಿಲ್ಲಿನ ಗೇಟಿನಿಂದ ಕಾಲುವೆಯ ಸೇತುವೆವರೆಗೆ ಭತ್ತದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಸುಗ್ಗಿ ಶುರುವಾಗಿತ್ತು. ಆದರೆ ಯಾವ ಚಾಲಕನೂ ಸೀಟಿನಲ್ಲಿರಲಿಲ್ಲ. ಎಲ್ಲರೂ ಗೇಟಿನೊಳಗೆ ಕತ್ತೆತ್ತಿ ನಿಂತಿದ್ದರು.

ಮಾಲತೇಶನೂ ಕತ್ತೆತ್ತಿದ.

ಲಾರಿ ಹತ್ತಿ ನಿಲ್ಲುವ ಕಾಟಾದ ಉಕ್ಕಿನ ಹಾಸು, ಅಷ್ಟಗಲ ಅಷ್ಟುದ್ದದ್ದು, ಕ್ರೇನಿನ ಕೊಕ್ಕೆಗೆ ಸಿಕ್ಕಿ ಆಕಾಶದಲ್ಲಿ ತೂಗುತ್ತಿತ್ತು. ಯಾರೋ ಹೆಂಚಿನಿಂದ ದೋಸೆ ಎತ್ತಿ ಎಲ್ಲಿ ಹಾಕಬೇಕೆಂದು ತೋಚದೆ ನಿಂತಹಾಗೆ. ಕೆಳಗೆ ದೊಡ್ಡ ಗುಂಡಿ. ಗುಂಡಿಯಲ್ಲಿ ಎರಡು ಕಪ್ಪೆ.

"ಬಾ ತಮ್ಮಾ, ಬಾ!" ಕೊಟ್ರಯ್ಯನವರು ಹೆಮ್ಮೆಯಿಂದ ಕೈಬೀಸಿದರು. "ಹೇಳ್ದಂಗ ಪ್ಲಾಟ್‌ಫಾರ್ಮ್ ಬಿಚ್ಚಿಸೀನಿ. ಒಳಗ ಇಳಿದು ನೋಡು."

ಕಾಟಾ ಇಟ್ಟುಕೊಂಡವರಿಗೆ ಪ್ಲಾಟ್‌ಫಾರ್ಮ್ ಅಂದರೆ ಅದೊಂದೇ: ಲಾರಿ ನಿಲ್ಲುವ ಉಕ್ಕಿನ ಹಾಸು. ಮಾಲತೇಶನಿಗೆ ಪ್ಲಾಟ್‌ಫಾರ್ಮ್ ಅಂದರೆ ಪ್ರೋಗ್ರಾಂ ಓಡುವ ಕಂಪ್ಯೂಟರು. ನಿನ್ನೆ ಹಳೆಯ ಕಂಪ್ಯೂಟರು ತೆಗೆದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹೊಸ ಪೆಟ್ಟಿಗೆ ಇಟ್ಟಿದ್ದರು. ಅವನು ಹೇಳಿದ್ದು ಅದರ ಮಾತು. ಎರಡು ಅರ್ಥಗಳ ನಡುವೆ ಈಗ ಕ್ರೇನು ನಿಂತಿತ್ತು.

"ಸಾವ್ಕಾರ್ರೆ... ನಾ ಅಂದದ್ದು ಈ ಪ್ಲಾಟ್‌ಫಾರ್ಮ್ ಅಲ್ರಿ."

"ಮತ್ತ್ಯಾವ್ದು? ಇಲ್ಲಿ ಇರೂದ ಒಂದ ಪ್ಲಾಟ್‌ಫಾರ್ಮು!"

"ಇನ್ನೊಂದು ರೈಲ್ವೆ ಸ್ಟೇಷನ್ನಾಗೈತಿ," ಎಂದ ಮಲ್ಲೇಶ. ಅವನು ಕೊಟ್ರಯ್ಯನವರ ದೂರದ ಸಂಬಂಧಿ, ಮಿಲ್ಲಿಗೆ ಸಿಸಿ ಕ್ಯಾಮರಾ ಹಾಕಿದವನು, ಸಂಜೆ ತೀರ್ಮಾನವಾಗಲಿದ್ದ ಕೆಲಸಕ್ಕೆ ಕಣ್ಣಿಟ್ಟಿದ್ದ ಇನ್ನೊಬ್ಬ. ಹೆಗಲ ಮೇಲೆ ಏಣಿ ಇತ್ತು. ಅವನ ಕ್ಯಾಮರಾಗಳ ಮೇಲೆ ಭತ್ತದ ಹೊಟ್ಟಿನ ಧೂಳು ಕೂರುತ್ತಿತ್ತು, ಅವುಗಳ ವೈರನ್ನು ಅಳಿಲು ಕಡಿಯುತ್ತಿತ್ತು. ಹೀಗಾಗಿ ಅವನು ಏಣಿ ಇಳಿದದ್ದನ್ನು ಕಂಡವರು ಕಡಿಮೆ. "ಹೇಳ್ರಿ ಇಂಜಿನಿಯರ್ರೆ, ಅದನ್ನೂ ಬಿಚ್ಚಿಸ್ಲೇನು?"

ಹುಲುಗಪ್ಪ ಕೋಳಿಬುಟ್ಟಿ ಇಳಿಸುವುದನ್ನು ಬಿಟ್ಟು ಬಾನೆಟ್ಟಿನ ಮೇಲೆ ಕುಳಿತ. ಇಂಥದ್ದು ದಿನಾ ಸಿಗುವುದಿಲ್ಲ.

ಹಾಸನ್ನು ಇಳಿಸಿ, ಕಪ್ಪೆಗಳನ್ನು ಹೊರಗೆ ಹಾಕಿ, ಮತ್ತೆ ಸರಿಯಾಗಿ ಕೂರಿಸಿ, ಮೀಟರಿಗೆ ಹೊಸದಾಗಿ ಅಳತೆ ಹೊಂದಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಟ್ರ್ಯಾಕ್ಟರಿನವರು ಹಾರ್ನು ಹಾಕಿ ಹಾಕಿ ಬೇಸತ್ತು ಇಸ್ಪೀಟಿಗೆ ಕುಳಿತರು. ಎಲ್ಲಾ ಮುಗಿದ ಮೇಲೆ ಹೊಸ ಪೆಟ್ಟಿಗೆಯ ಪರದೆ ನೋಡಿದರೆ ಅದೇ ಇನ್ನೂರೈವತ್ತೈದು. ಖಾಲಿ ಹಾಸು, ಮೇಲೆ ಬರೀ ಬಿಸಿಲು.

ಕೊಟ್ರಯ್ಯನವರ ತಾಯಿ ಹಂಪಮ್ಮ ಆಗ ಹೊರಗೆ ಬಂದರು. ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಕೋಲು. ಖಾಲಿ ಹಾಸನ್ನು ಬಹಳ ಹೊತ್ತು ನೋಡಿದರು.

"ಅಲ್ಲಿ ಯಾರೋ ನಿಂತಾರ," ಎಂದರು. "ನಮ್ಮ ಕಣ್ಣಿಗೆ ಕಾಣವಲ್ರು."

ಹಮಾಲರು ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲಿಂದ ಮುಂದೆ ಯಾರೂ ಹಾಸಿನ ಮೇಲೆ ಕಾಲಿಡಲಿಲ್ಲ; ಸುತ್ತು ಹಾಕಿ ಹೋದರು. ಒಬ್ಬ ಚಪ್ಪಲಿ ಬಿಟ್ಟು ಹೋದ.

"ಎರಡೂವರೆ ಕ್ವಿಂಟಲ್ ಅಂದ್ರ," ಎಂದ ಹುಲುಗಪ್ಪ ಬಾನೆಟ್ಟಿನ ಮೇಲಿಂದ, "ಉಂಡು ತಿಂದ ಮನೀದ ಇರಬೇಕು ದೆವ್ವ."

ಮಾಲತೇಶ ಆಫೀಸಿನೊಳಗೆ ಹೋಗಿ ತನ್ನ ಸಾಲುಗಳನ್ನು ತೆರೆದು ಕುಳಿತ.

ಹುಡುಕಿದ್ದು ಸಿಕ್ಕಿದಾಗ ಅವನ ಮೈಯಲ್ಲೂ ಸಣ್ಣದಾಗಿ ಮುಳ್ಳೆದ್ದವು. ಕಾಟಾ ಖಾಲಿ ಇದ್ದಾಗ ಆ ಮೀಟರು ಏನನ್ನೂ ಕಳಿಸುವುದಿಲ್ಲ, ಸುಮ್ಮನಿರುತ್ತದೆ. ಏನೂ ಬಂದಿಲ್ಲ ಎನ್ನುವುದಕ್ಕೂ ಒಂದು ಗುರುತು ಬೇಕಲ್ಲ. ಅದಕ್ಕೆ ಅವನು ಮೈನಸ್ ಒಂದು ಎಂದು ಇಟ್ಟಿದ್ದ; ಅದು ಕಂಡರೆ ಪರದೆ ಸೊನ್ನೆ ತೋರಿಸಬೇಕು. ಅದನ್ನು ಹಾಕಿಡಲು ಸಿ ಭಾಷೆಯ ತೀರಾ ಸಣ್ಣ ಡಬ್ಬಿಯನ್ನು ಬಳಸಿದ್ದ. ಹಳೆಯ ಕಂಪ್ಯೂಟರಿನಲ್ಲಿ ಆ ಡಬ್ಬಿಗೆ ಸೊನ್ನೆಯ ಕೆಳಗಿನ ಲೆಕ್ಕವೂ ಗೊತ್ತು. ಈ ಹೊಸ ಪೆಟ್ಟಿಗೆಯಲ್ಲಿ ಗೊತ್ತಿಲ್ಲ. ಭಾಷೆ ಮಾಡಿದವರು ಅದನ್ನು ಯಂತ್ರ ಕಟ್ಟುವವರ ಇಷ್ಟಕ್ಕೆ ಬಿಟ್ಟಿದ್ದಾರೆ. ಅಲ್ಲಿ ಮೈನಸ್ ಒಂದಾಗಿದ್ದದ್ದೇ ಇಲ್ಲಿ, ಒಂದು ಗೆರೆಯೂ ಬದಲಾಗದೆ, ಇನ್ನೂರೈವತ್ತೈದು. ಏನೂ ಇಲ್ಲ ಎಂಬುದು ಒಂದು ಯಂತ್ರದಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಅದಕ್ಕೆ ಎರಡೂವರೆ ಕ್ವಿಂಟಲ್ ಭಾರ.

ಮಾಲತೇಶ ಸ್ವಲ್ಪ ಹೊತ್ತು ಕಿಟಕಿಯಿಂದ ಆ ಖಾಲಿ ಹಾಸನ್ನು ನೋಡಿದ. ಹಂಪಮ್ಮ ಹೇಳಿದ್ದರಲ್ಲಿ ತೀರಾ ತಪ್ಪೇನೂ ಇಲ್ಲ ಅನ್ನಿಸಿತು. ಆಮೇಲೆ ಒಂದು ಪದ ತಿದ್ದಿದ.

ಪರದೆಯ ಮೇಲೆ ಸೊನ್ನೆ ಬಂತು.

"ಹ್ವಾದ್ರು!" ಎಂದು ಹೊರಗಿನಿಂದ ಯಾರೋ ಕೂಗಿದರು. ಹಮಾಲರು ಸಮಾಧಾನದ ಉಸಿರು ಬಿಟ್ಟರು. ಹಂಪಮ್ಮನಂತೂ ಓಡಿದಂತೆಯೇ ಒಳಗೆ ಬಂದು, ಪೆಟ್ಟಿಗೆಗೆ ವಿಭೂತಿ ಎಳೆದು, ಹೂವಿಟ್ಟು, ಬೇಡ ಎನ್ನುವಷ್ಟರಲ್ಲಿ ಮೇಜಿನ ಅಂಚಿಗೆ ಟಣ್ಣೆಂದು ತೆಂಗಿನಕಾಯಿ ಒಡೆದರು. ಎಳೆಯ ಕಾಯಿ, ನೀರು ಜಾಸ್ತಿ. ಪೆಟ್ಟಿಗೆ ಅಷ್ಟನ್ನೂ ಕುಡಿಯಿತು. ಅದರ ಹಸಿರು ದೀಪ ಒಮ್ಮೆ ಪಿಳಿಪಿಳಿ ಎಂದು ಆರಿತು.

"ನೈವೇದ್ಯ ಮುಟ್ಟಿತು," ಎಂದ ಮಲ್ಲೇಶ.

ಮಾಲತೇಶನ ಎದೆಯಲ್ಲಿ ಕೋಳಿಗಳು ಕೂಗಿದವು. ಆದರೆ ಕೊಟ್ರಯ್ಯನವರು ಹೆದರುವವರಲ್ಲ. "ಫೋನ್ ನೀರಾಗ ಬಿದ್ರ ಅಕ್ಕ್ಯಾಗ ಹಾಕ್ತಾರಿಲ್ಲ? ಹಾಕ್ರಿ! ಇಡೀ ಮಿಲ್ಲೇ ಐತಿ!"

ಹಮಾಲರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಗೋದಾಮಿನ ಅಕ್ಕಿಯ ಗುಡ್ಡದಲ್ಲಿ ಹೂತು, ಜಾಗ ಮರೆಯದಿರಲೆಂದು ಮೇಲೆ ಒಂದು ಊದಿನಕಡ್ಡಿ ನೆಟ್ಟರು.

ಟ್ರ್ಯಾಕ್ಟರುಗಳು ಕಾಯುತ್ತಲೇ ಇದ್ದವು. ಕೊಟ್ರಯ್ಯನವರ ಮಗಳು ಪೂಜಿತಾ ತನ್ನ ಕಾಲೇಜಿನ ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟಳು.

"ಇದರಾಗ ನಡೀತೈತೇನ್ರಿ ಅಣ್ಣ? ಇದು ಬ್ಯಾರೆ ಥರದ್ದು."

"ತಕ್ಕಡಿ ಎಲ್ಲಾದ್ರಾಗೂ ನಡೀಬೇಕು," ಎಂದ ಮಾಲತೇಶ, ಹೇಳಬಾರದಷ್ಟು ಧೈರ್ಯದಿಂದ.

ನಡೆಯಿತು. ಮೊದಲ ಟ್ರ್ಯಾಕ್ಟರು ಹಾಸಿನ ಮೇಲೆ ಹತ್ತಿತು. ಪರದೆಯ ತುಂಬ ಅಂಕಿಗಳು ಹರಿದವು. ಈ ಅಂಚಿನಿಂದ ಆ ಅಂಚಿಗೆ ಸಾಲದೆ ಕೆಳಗಿನ ಸಾಲಿಗೂ ಇಳಿದವು. ಸಂಡೂರಿನ ಗುಡ್ಡವೊಂದನ್ನು ಬೇರುಸಹಿತ ತಂದು ಟ್ರೇಲರಿನಲ್ಲಿಟ್ಟರೂ ಅಷ್ಟಾಗಲಿಕ್ಕಿಲ್ಲ.

ಟ್ರ್ಯಾಕ್ಟರಿನವನು ಇಣುಕಿ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡ. "ನಂದ ಏನ್ರಿ ಇಷ್ಟೂ? ಹಿಂಗಂದ್ರ ನಾ ಇನ್ನ ದುಡಿಯಂಗಿಲ್ರಿ."

"ಇಳಿ ಲೇ ಕೆಳಗ!" ಎಂದರು ಕೊಟ್ರಯ್ಯನವರು.

ಈ ಸಲ ತಪ್ಪು ಸಿಕ್ಕಿದ್ದು ಇನ್ನೊಂದು ಡಬ್ಬಿಯಲ್ಲಿ. ಸಿ ಭಾಷೆಯಲ್ಲಿ ಅದರ ಹೆಸರೇ ಲಾಂಗ್, ಉದ್ದ. ಎಷ್ಟು ಉದ್ದ ಎಂದು ಮಾತ್ರ ಯಾರೂ ಕಟ್ಟುಮಾಡಿಲ್ಲ. ಹೂ ಮಾರುವವರ ಮೊಳದಂತೆ, ಯಾರ ಕೈ ಎಷ್ಟುದ್ದವೋ ಅಷ್ಟು. ಪುಟ್ಟ ಪೆಟ್ಟಿಗೆಯಲ್ಲಿ ಒಂದಳತೆ, ಲ್ಯಾಪ್‌ಟಾಪಿನಲ್ಲಿ ಅದರ ಎರಡರಷ್ಟು. ಮಾಲತೇಶ ಆ ಸಾಲನ್ನು ಬರೆದಾಗ ಮನೆಯಲ್ಲಿದ್ದ ಒಂದೇ ಯಂತ್ರದ ಮೊಳವನ್ನು ಲೋಕದ ಮೊಳ ಎಂದು ನಂಬಿದ್ದ. ಈಗ ಇಷ್ಟೇ ಉದ್ದ ಎಂದು ಬಿಡಿಸಿ ಬರೆದ. ಗುಡ್ಡ ಕರಗಿ ಟ್ರ್ಯಾಕ್ಟರು ಆಯಿತು.

"ಆತಲ್ಲ!" ಎಂದಳು ಪೂಜಿತಾ.

"ಏನಾತು?" ಎಂದ ಮಲ್ಲೇಶ, ಏಣಿಯ ನಾಲ್ಕನೇ ಮೆಟ್ಟಿಲಿನಿಂದ. "ನಾಳೆ ನೀ ಲ್ಯಾಪ್‌ಟಾಪ್ ತಗಂಡು ಕಾಲೇಜಿಗೆ ಹೋದ್ರ ಕಾಟಾ ನಿನ್ನ ಜೋಡಿ ಬಸ್ಸಾಗ ಬರ್ತೈತೇನು? ಮಾವಾರೆ, ಒಂದು ಮಾತು ಹೇಳ್ತೀನಿ. ಹಳೇ ಕಂಪ್ಯೂಟರ್ ಐತಲ್ಲ, ಅದರಾಗ ನಡಸಿ ತೋರ್ಸ್ಲಿ. ಪೆಟಿಗಿ, ಲ್ಯಾಪ್‌ಟಾಪ್, ಹಳೇದು, ಮೂರೂ ಒಂದ ತೂಕ ಹೇಳ್ಬೇಕು. ಆವಾಗ ಒಪ್ಪೂಣು."

ಕೊಟ್ರಯ್ಯನವರಿಗೆ ಈ ಮಾತು ಬಹಳ ಹಿಡಿಸಿತು. ಮೂರು ಸಾಕ್ಷಿ ಬೇಕು ಎನ್ನುವ ಮನೆತನ ಅದು.

ಹಳೆಯ ಕಂಪ್ಯೂಟರು ಹಂಪಮ್ಮನ ಅಡುಗೆಮನೆಯಲ್ಲಿ ಸಿಕ್ಕಿತು. ನಿನ್ನೆಯಷ್ಟೇ ನಿವೃತ್ತಿಯಾದದ್ದು ಆಗಲೇ ಉಪ್ಪಿನಕಾಯಿಯ ಜಾಡಿಗೆ ಪೀಠವಾಗಿತ್ತು. ಜಾಡಿ ಇಳಿಸಿ, ಎಣ್ಣೆ ಒರೆಸಿ, ಹೊತ್ತು ತಂದರು. ಅದು ನಿಧಾನವಾಗಿ ಎದ್ದು, ಕೆಮ್ಮಿ, ವಿಂಡೋಸ್ ತೋರಿಸಿತು. ಟ್ರ್ಯಾಕ್ಟರು ಹತ್ತಿತು. ಅಂಕಿ ಬರಲಿಲ್ಲ.

"ನಿನ್ನಿತನಕ ಇದರಾಗ ನಡೀತಿತ್ತಲ್ಲಪ್ಪ!" ಎಂದರು ಕೊಟ್ರಯ್ಯನವರು. ಅವರ ದನಿಯಲ್ಲಿ ಮೊದಲ ಸಲ ಅನುಮಾನ ಇಣುಕಿತು. ಹುಲುಗಪ್ಪ ಬಾನೆಟ್ಟಿನಿಂದ ಇಳಿದು ವ್ಯಾನಿನ ಬಾಗಿಲು ತೆರೆದಿಟ್ಟ.

ಮಾಲತೇಶ ಹಳೆಯ ಕಂಪ್ಯೂಟರಿನ ಮುಂದೆ ಕುಳಿತ. ನಿನ್ನೆ ನಡೆದದ್ದು ಇಂದು ಏಕೆ ನಡೆಯುತ್ತಿಲ್ಲ? ಬದಲಾದದ್ದು ಒಂದೇ: ಬೆಳಿಗ್ಗೆ ಹಾಸನ್ನು ಎತ್ತಿ ಇಳಿಸಿ, ಹೊಸ ಅಳತೆ ಹೊಂದಿಸಿದ್ದು. ತಕ್ಕಡಿಯ ಜೊತೆ ಇದರಲ್ಲೂ ಹಾಕಿದ್ದ ಆ ಹೊಸ ಅಳತೆಯ ಕಡತವನ್ನು ತೆರೆದು ಒಂದೊಂದೇ ಅಂಕಿ ನೋಡುತ್ತಾ ಹೋದ. ನಡುವೆ ಒಂದು ಇಪ್ಪತ್ತಾರು ಕುಳಿತಿತ್ತು. ಹಳೆಯ ಕಾಲದ ಯಾವುದೋ ಪದ್ಧತಿಯಂತೆ, ಕಡತವನ್ನು ಬರಹವೆಂದು ಓದುವಾಗ ಇಪ್ಪತ್ತಾರು ಎದುರಾದರೆ ವಿಂಡೋಸ್ ಕತೆ ಮುಗಿಯಿತೆಂದು ಅಲ್ಲಿಗೇ ನಿಲ್ಲುತ್ತದೆ. ಆ ಪದ್ಧತಿ ಹಾಕಿದವರು ಯಾರೋ, ಆ ಯಂತ್ರಗಳು ಯಾವ ಗುಜರಿಯಲ್ಲಿ ಕರಗಿದವೋ. ಅವರು ಹಾಕಿದ ಪೂರ್ಣವಿರಾಮ ಮಾತ್ರ ಇಷ್ಟು ವರ್ಷ ಯಂತ್ರದಿಂದ ಯಂತ್ರಕ್ಕೆ ದಾಟುತ್ತಾ ಬಂದು ಕಂಪ್ಲಿಯ ಮಿಲ್ಲಿನಲ್ಲಿ ಒಂದು ಟ್ರ್ಯಾಕ್ಟರನ್ನು ನಿಲ್ಲಿಸಿತ್ತು.

ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಸುತ್ತ ನೋಡಿದ. ಹತ್ತಿರವಿದ್ದವಳು ಪೂಜಿತಾ ಒಬ್ಬಳೇ.

"ಇದು ಬರಹ ಅಲ್ಲ, ಹಂಗಂಗ ಓದು ಅಂತ ಹೇಳಬೇಕಮ್ಮ ಇದಕ್ಕ," ಎಂದ. "ಒಂದ ಅಕ್ಷರ. 'ಬಿ' ಅಂತ."

"ಒಂದ ಅಕ್ಷರಾನಾ?" ಪೂಜಿತಾ ಕಣ್ಣು ಅಗಲಿಸಿದಳು. "ಅಷ್ಟಕ್ಕ ಹೊರಗ ಅಷ್ಟ್ ಮಂದಿ ನಿಂತಾರೇನ್ರಿ?"

ಆ ಒಂದು ಅಕ್ಷರ ಬಿತ್ತು. ಹಳೆಯ ಕಂಪ್ಯೂಟರು ತೂಕ ಹೇಳಿತು.

ಅಷ್ಟರಲ್ಲಿ ಗೋದಾಮಿನಿಂದ ಗದ್ದಲ. ಅಕ್ಕಿಯಲ್ಲಿ ಹೂತಿದ್ದ ಪೆಟ್ಟಿಗೆಯನ್ನು ತೆಗೆದು ವೈರು ಸಿಕ್ಕಿಸಿದರೆ ಹಸಿರು ದೀಪ ಹೊತ್ತಿತ್ತು. ಒಳಗೆ ನಾಲ್ಕು ಕಾಳು ಅಕ್ಕಿ ಗಲಗಲ ಎನ್ನುತ್ತಿತ್ತು, ಅಷ್ಟೇ. ಮೀಟರಿನಿಂದ ಮೂರು ವೈರು ಎಳೆದು ಮೂರನ್ನೂ ಒಂದೇ ಮೇಜಿನ ಮೇಲೆ ಕೂರಿಸಿದರು. ಎಲ್ಲದರಲ್ಲೂ ಮಾಲತೇಶ ತಿದ್ದಿದ ಅದೇ ತಕ್ಕಡಿ. ಒಂದಕ್ಕೊಂದು ಭಾಷೆ ಬಾರದ ಮೂರು ಊರಿನ ಮೂವರನ್ನು ಸಾಕ್ಷಿಗೆ ಕರೆದಂತಿತ್ತು.

ಚೀಲ ತುಂಬಿದ ದೊಡ್ಡ ಲಾರಿಯೊಂದನ್ನು ಹಾಸಿನ ಮೇಲೆ ತಂದು ನಿಲ್ಲಿಸಿದರು. ಚಾಲಕ ಇಂಜಿನ್ ಆರಿಸಿದ. ಇಸ್ಪೀಟು ನಿಂತಿತು. ಹಮಾಲರು, ಟ್ರ್ಯಾಕ್ಟರಿನವರು, ಸುದ್ದಿ ಕೇಳಿ ಬಂದ ಪಕ್ಕದ ಮಿಲ್ಲುಗಳ ಸಾಹುಕಾರರು, ಎಲ್ಲರೂ ಕಿಟಕಿ ಬಾಗಿಲುಗಳಲ್ಲಿ ಒತ್ತಿ ನಿಂತರು.

ಮೊದಲ ಪರದೆಯಲ್ಲಿ ಅಂಕಿ ಮೂಡಿತು. ಎರಡನೆಯದರಲ್ಲಿ ಮೂಡಿತು. ಹಳೆ ಕಂಪ್ಯೂಟರು ಉಸಿರೆಳೆದುಕೊಂಡು, ಕೊನೆಗೆ, ತಾನೂ ತೋರಿಸಿತು. ಮೂರೂ ಒಂದೇ. ಕೊನೆಯ ಕೇಜಿಯವರೆಗೆ ಒಂದೇ.

ಮಿಲ್ಲು ನಿಲ್ಲಿಸಿದ್ದರಿಂದ ದೂರದ ಕಾಲುವೆಯ ನೀರು ಕೇಳುತ್ತಿತ್ತು. ಬೆಂಕಿಪೊಟ್ಟಣದಷ್ಟು ಒಂದು, ಪುಸ್ತಕದಷ್ಟು ಒಂದು, ಉಪ್ಪಿನಕಾಯಿ ಎಣ್ಣೆ ಕುಡಿದದ್ದೊಂದು. ಕಟ್ಟಿದವರು ಬೇರೆ, ಕಾಲ ಬೇರೆ, ಸೊನ್ನೆಯ ಕೆಳಗೆ ಏನಿದೆ ಎಂಬ ಬಗ್ಗೆ ಅವುಗಳ ನಂಬಿಕೆಯೂ ಬೇರೆ. ಆದರೂ ಹೊರಗೆ ನಿಂತ ಒಂದು ಲಾರಿಯ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು. ಮಾಲತೇಶನ ಕಣ್ಣು ಸ್ವಲ್ಪ ಮಂಜಾಯಿತು. ತಾನು ಮಾಡಿದ್ದು ಇದು ಎಂದು ಅವನಿಗೂ ಪೂರ್ತಿ ನಂಬಿಕೆ ಬರಲಿಲ್ಲ.

ಹಂಪಮ್ಮ ಕೋಲನ್ನು ಗೋಡೆಗಿಟ್ಟು ಎರಡೂ ಕೈ ಜೋಡಿಸಿದರು. ಅವರನ್ನು ನೋಡಿ ಹಮಾಲರೂ ಜೋಡಿಸಿದರು. ಪೂಜಿತಾ ಫೋನೆತ್ತಿ ಮೂರೂ ಪರದೆಯ ಫೋಟೋ ತೆಗೆದಳು. ಮಲ್ಲೇಶ ಏಣಿಗೆ ಆತುಕೊಂಡು ನಿಂತ, ಮುಖ ಬಾಡಿಸಿಕೊಂಡು.

"ಏನ್ ಹೇಳ್ಲಿ ತಮ್ಮಾ," ಎಂದರು ಕೊಟ್ರಯ್ಯನವರು, ಅವರ ಮಟ್ಟಿಗೆ ಪಿಸುಮಾತಿನಲ್ಲಿ. "ಮೈ ಝುಂ ಅಂತು."

"ಇಂಥಾ ಹುಡುಗನ್ನ ಬರೀ ಕೈಯಾಗ ಕಳಿಸಬಾರ್ದೋ ಕೊಟ್ರಾ," ಎಂದರು ಹಂಪಮ್ಮ. "ತುಲಾಭಾರ ಮಾಡೂಣು. ಅವನ ತೂಕದಷ್ಟು ಸೋನಾ ಮಸೂರಿ ಕೊಟ್ಟು, ನೌಕ್ರಿ ಮಾತೂ ಅಲ್ಲೇ ಆಡಿಬಿಡು."

ಜನ ಹೋ ಎಂದರು. ಯಾರೋ ಚೆಂಡುಹೂವಿನ ಹಾರ ತಂದರು. ಲಾರಿ ಇಳಿಸಿ, ಹಾಸಿನ ಮೇಲೆ ನೀರು ಚಿಮುಕಿಸಿ, ಮಾಲತೇಶನನ್ನು ನಡುವೆ ನಿಲ್ಲಿಸಿದರು. ಅಷ್ಟಗಲದ ಉಕ್ಕಿನ ಮೇಲೆ ಅವನು ಖಾಲಿ ಹಂಡೆಯಲ್ಲಿ ಬಿಟ್ಟ ನಿಂಬೆಹಣ್ಣಿನಂತೆ ಕಾಣುತ್ತಿದ್ದ. ಹುಲುಗಪ್ಪ ವ್ಯಾನಿನ ಬಾಗಿಲು ಹಾಕಿ ಬಂದು ಮುಂದೆ ನಿಂತ. ಅವನ ಮುಖದಲ್ಲೂ ಈಗ ಬೇರೆಯದೇ ಒಂದು ಮರ್ಯಾದೆ ಇತ್ತು.

"ಎಷ್ಟೈತಿ ಓದಮ್ಮ!" ಎಂದು ಕೊಟ್ರಯ್ಯನವರು ಮಗಳಿಗೆ ಕೂಗಿದರು.

ಪೂಜಿತಾ ಮೂರೂ ಪರದೆಗಳನ್ನು ಎರಡೆರಡು ಸಲ ನೋಡಿದಳು.

"ಏನೈತಿ ಓದಂದ್ರ?"

"ಸೊನ್ನೆ ಐತಿ ಅಪ್ಪಾಜಿ," ಎಂದಳು ಪೂಜಿತಾ, ಕಿಟಕಿಯಲ್ಲಿ ಮುಖ ತೋರಿಸಿ. "ಮೂರರಾಗೂ ಸೊನ್ನೆ."

ಎಲ್ಲರೂ ಮಾಲತೇಶನನ್ನು ನೋಡಿದರು. ಕೆಲವರು ಅವನ ನೆರಳನ್ನೂ ನೋಡಿದರು.

ಅವನಿಗೆ ಕಾರಣ ತಕ್ಷಣ ಹೊಳೆಯಿತು. "ಸರಿ ಐತ್ರಿ ಅದು," ಎಂದ, ಹಾರದೊಳಗಿನಿಂದ. "ಲಾರಿ ತೂಗೋ ಕಾಟಾ ಇದು. ಕ್ವಿಂಟಲ್ಲಿಗೆ ಕಮ್ಮಿ ಇದ್ರ ಮೀಟರು ಖಾಲಿ ಅಂತ ತಿಳ್ಕಂತೈತಿ. ನಾನು ಅರವತ್ತೂ ಇಲ್ರಿ. ತಕ್ಕಡಿ ಹೇಳಿದ್ದು ಖರೇ ಐತಿ."

ಹಂಪಮ್ಮ ಒಂದು ಗಳಿಗೆ ಯೋಚಿಸಿದರು. ಸೊನ್ನೆಗೆ ಎಷ್ಟು ಅಕ್ಕಿ ಎಂಬುದು ಅವರಿಗೂ ಹೊಸ ಪ್ರಶ್ನೆ. ಕೊನೆಗೆ ಅಕ್ಕಿಯ ಚೀಲದಿಂದ ನಾಲ್ಕು ಕಾಳು ತೆಗೆದು ಅವನ ತಲೆಯ ಮೇಲೆ ಅಕ್ಷತೆ ಹಾಕಿದರು.

ಕೊಟ್ರಯ್ಯನವರು ಮಾತ್ರ ನಿಂತಲ್ಲೇ ಬೆರಗಾಗಿದ್ದರು. "ನೋಡ್ರಿ!" ಎಂದರು ಉಳಿದ ಸಾಹುಕಾರರ ಕಡೆ ತಿರುಗಿ. "ತನ್ನ ಮಾಡಿದಾಂವ ಕೊಳ್ಳಾಗ ಹಾರ ಹಾಕ್ಕಂಡು ನಿಂತಾನ. ಅಂವನ ಮ್ಯಾಲೂ ತಕ್ಕಡಿಗೆ ಒಂದ್ ಕೇಜಿ ದಾಕ್ಷಿಣ್ಯ ಇಲ್ಲ! ಇದಕ್ಕಂತಾರ ನಿಯತ್ತು!" ಆಮೇಲೆ ಮಾಲತೇಶನ ಕಡೆ ತಿರುಗಿ, "ಒಂದ ಮಾತು ಕೇಳ್ತೀನಿ ತಮ್ಮಾ, ಖರೇ ಹೇಳು. ಇದು ಇನ್ನ ಕೆಡತೈತೇನು?"

ಹುಲುಗಪ್ಪನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಮೊದಲು ತಿಳಿಯಿತು. ಕೋಳಿ ಫಾರಂ ಮರೆತು, ತಂಗಿಯ ಬೆನ್ನು ನೆನೆದು, ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ಕೆಡತೈತಿ ಅನ್ನಪ್ಪ! ದಿನಾ ಕೆಡತೈತಿ ಅನ್ನು!"

ಮಾಲತೇಶ ಬಾಯಿ ತೆರೆದ. ಕಿಟಕಿಯಲ್ಲಿ ಮೂರು ಪರದೆಗಳು ಕಾಣುತ್ತಿದ್ದವು, ಪಕ್ಕಪಕ್ಕ, ಒಂದೇ ಮುಖದ ಮೂರು ಮಕ್ಕಳಂತೆ. ಅವುಗಳ ಎದುರಿಗೆ ಆ ಮಾತು ಹೊರಡಲಿಲ್ಲ.

"ಇಲ್ರಿ," ಎಂದ. "ಯಾವ ಮಿಷನ್ ತಂದ್ರೂ ನಡೀತೈತಿ. ನಾ ಇರ್ಲಿ, ಬಿಡ್ಲಿ."

"ಅದ!" ಕೊಟ್ರಯ್ಯನವರು ಚಪ್ಪಾಳೆ ತಟ್ಟಿದರು. "ಮತ್ತ ಇದರ ಕಾವಲಿಗೆ ಒಬ್ಬ ಆಳು ಯಾಕ ಬೇಕ್ರಿ? ಇಟ್ರ ಅದಕ್ಕ ಅವಮಾನ ಮಾಡ್ದಂಗ. ನಮಗ ಆಳು ಬೇಕಾಗಿದ್ದು ಕ್ಯಾಮರಾಕ್ಕ. ಅವು ತಾಸಿಗೊಮ್ಮೆ ಸಾಯ್ತಾವ. ಮಲ್ಲೇಶಾ, ನಾಳಿಂದ ನೀ ಕಾಯಂ."

ಮಲ್ಲೇಶನ ಕೈಯಿಂದ ಏಣಿ ಜಾರಿ, ಗೋಡೆಯ ಕ್ಯಾಮರಾಕ್ಕೆ ಬಡಿದು, ಕ್ಯಾಮರಾ ಕೆಳಗೆ ಬಿತ್ತು. ಸಾಹುಕಾರರೆಲ್ಲ ತಲೆದೂಗಿದರು, ಈ ಹುಡುಗನ ಅಗತ್ಯ ಎಷ್ಟಿದೆ ಎಂದು ಕಣ್ಣಾರೆ ಕಂಡಿದ್ದರು.

ಟ್ರ್ಯಾಕ್ಟರುಗಳು ಒಂದೊಂದಾಗಿ ಇಂಜಿನ್ ಶುರು ಮಾಡಿದವು. ಹಮಾಲರು ಚೀಲಗಳ ಕಡೆ ಹೋದರು. ಮುಂದಿನ ಲಾರಿಯವನು, ಹಾದಿ ಬಿಡ್ರಣ್ಣ ಎಂದು ಮರ್ಯಾದೆಯಿಂದಲೇ ಹಾರ್ನು ಹಾಕಿದ.

ಮಾಲತೇಶ ಹಾರವನ್ನು ಎತ್ತಿ ಹಿಡಿದುಕೊಂಡು ಪ್ಲಾಟ್‌ಫಾರ್ಮಿನಿಂದ ಕೆಳಗಿಳಿದ. ಮೂರು ಪರದೆಗಳ ಮೇಲೂ ಏನೂ ಬದಲಾಗಲಿಲ್ಲ.